ನಲವತ್ತಕ್ಕೆ ಸೊನ್ನೆ

ಹನ್ನೊಂದು ವರ್ಷ ಆ ಕ್ಲಿನಿಕ್ಕಿನ ನೆಲ ಒರೆಸಿದವಳು ನಾನು. ಹೆರಿಗೆ ಕೋಣೆಯ ರಕ್ತ ಬಳಿದಿದ್ದೇನೆ. ಮಕ್ಕಳ ವಾಂತಿ, ಮುದುಕರ ಹೇಲು, ಗಾಯದ ಕೀವು, ಎಲ್ಲವನ್ನೂ ಈ ಕೈಯಲ್ಲೇ ತೆಗೆದಿದ್ದೇನೆ. ಯಾವತ್ತೂ ವಾಕರಿಕೆ ಬರಲಿಲ್ಲ. ಅದೆಲ್ಲ ಒಂದು ಬಕೆಟ್ ನೀರಿಗೆ ಹೋಗುವಂಥದ್ದು. ನನಗೆ ವಾಕರಿಕೆ ತರಿಸಿದವರು ಇಸ್ತ್ರಿ ಅಂಗಿ ಹಾಕಿಕೊಂಡು, ಕೊರಳಿಗೆ ಗುರುತಿನ ಚೀಟಿ ನೇತು ಹಾಕಿಕೊಂಡು ಬಂದರು.

ನನ್ನ ಹೆಸರು ಕಸೊಂಡೆ. ಮಗಳ ಹೆಸರು ಹಿಡಿದು ಎಲ್ಲರೂ ಬನಾ ಚಿಬೆಸ, ಅಂದರೆ ಚಿಬೆಸಳ ತಾಯಿ, ಅನ್ನುತ್ತಾರೆ. ನನ್ನ ಅವ್ವ ಹುಟ್ಟು ಕಿವುಡಿ. ನಾನು ಬಾಯಿಮಾತು ಕಲಿಯುವ ಮೊದಲೇ ಕೈಮಾತು ಕಲಿತೆ. ಅವ್ವ ಸಂತೆಯಲ್ಲಿ ಒಣಮೀನು ಮಾರುತ್ತಿದ್ದಳು. ಗಿರಾಕಿಗಳು ಅವಳ ಮುಂದೆಯೇ ನಿಂತು ‘ಈ ಮೂಗಿಗೆ ಲೆಕ್ಕ ಬರುತ್ತೇನೇ?’ ಅಂದು ನಗುತ್ತಿದ್ದರು. ಅವ್ವ ನನ್ನ ಕಡೆ ತಿರುಗಿ ‘ಏನಂದ್ರು?’ ಅಂತ ಕೇಳುತ್ತಿದ್ದಳು. ‘ಮೀನು ಚೆನ್ನಾಗಿದೆ ಅಂದ್ರು’ ಅನ್ನುತ್ತಿದ್ದೆ. ಐದು ವರ್ಷಕ್ಕೇ ಆ ಸುಳ್ಳು ಕಲಿತಿದ್ದೆ. ಒಳ್ಳೆಯದು ಅಂದುಕೊಂಡೇ ಕಲಿತಿದ್ದೆ.

ಲುಂಬಿವೆ ಮತ್ತು ನಾನು ಒಂದೇ ವರ್ಷ ಕ್ಲಿನಿಕ್ಕಿಗೆ ಬಂದವರು. ನಾನು ಮಾಪು ಹಿಡಿದು, ಅವಳು ಕೌನ್ಸೆಲರ್ ಆಗಿ. ಅವಳು ಲುಂಡಾಜಿ ಊರಿನ ಕಡೆಯ ಹೆಂಗಸು. ಆರು ವರ್ಷಕ್ಕೆ ಮೆದುಳು ಜ್ವರ ಬಂದು ಕಿವಿ ಹೋಯಿತು. ಮದುವೆಯಾಗಿ ನಮ್ಮ ಗಣಿ ಊರಿಗೆ ಬಂದಳು, ಗಂಡ ಬಿಟ್ಟು ಹೋದ. ಹೆದ್ದಾರಿ ಬದಿಯಲ್ಲಿ ಕೂತು ಜಲ್ಲಿ ಒಡೆಯುತ್ತಿದ್ದಳು. ಎಡಗೈಯಲ್ಲಿ ಹಳೇ ಟ್ಯೂಬಿನ ಬಳೆ ಮಾಡಿ ಕಲ್ಲು ಹಿಡಿಯುವುದು, ಬಲಗೈಯಲ್ಲಿ ಸುತ್ತಿಗೆ. ಒಮ್ಮೆ ಏಟು ತಪ್ಪಿ ಎಡಗೈಯ ತೋರುಬೆರಳು ಜಜ್ಜಿಹೋಯಿತು. ಅದು ಆಮೇಲೆ ಮಡಚಲಿಲ್ಲ. ಅವಳ ಕೈಮಾತಲ್ಲಿ ಆ ಬೆರಳು ಯಾವಾಗಲೂ ನೆಟ್ಟಗೆ ನಿಂತಿರುತ್ತಿತ್ತು. ‘ನಾನು ತೊದಲ್ತೀನಿ ಕಣೇ’ ಅಂತ ಅವಳೇ ತಮಾಷೆ ಮಾಡುತ್ತಿದ್ದಳು.

ಮೂವತ್ತನೇ ವಯಸ್ಸಿಗೆ ಅವಳಿಗೆ ಎಚ್‌ಐವಿ ಇದೆ ಅಂತ ಗೊತ್ತಾಯಿತು. ಗೊತ್ತಾದ ರೀತಿ ಹೇಳಬೇಕು. ಆಗಿನ ಕೌನ್ಸೆಲರ್‌ಗೆ ಕೈಮಾತು ಬರುತ್ತಿರಲಿಲ್ಲ. ಚರ್ಚಿನಲ್ಲಿ ಅರೆಬರೆ ಕೈಮಾತು ಬಲ್ಲ ಪಾದ್ರಿಯ ಹೆಂಡತಿಗೆ ಹೇಳಿಕಳಿಸಿದರು. ಆಯಮ್ಮ ಬಂದಳು, ಚೀಟಿ ನೋಡಿದಳು, ಎದೆಗೆ ಶಿಲುಬೆ ಗುರುತು ಮಾಡಿಕೊಂಡಳು, ಆಮೇಲೆ ಹೇಳಿದಳು. ಆ ಭಾನುವಾರ ಲುಂಬಿವೆ ಕೂತ ಬೆಂಚಿನಲ್ಲಿ ಇನ್ನೊಬ್ಬರು ಕೂರಲಿಲ್ಲ.

‘ನನ್ನ ರೋಗ ನನಗಿಂತ ಮುಂಚೆ ಪಾದ್ರಿ ಹೆಂಡ್ತಿಗೆ ಗೊತ್ತಾಯ್ತು. ನನ್ನ ಜನಕ್ಕೆ ಇನ್ನೊಂದು ಸಲ ಹಾಗಾಗಬಾರದು’ ಅಂದಳು.

ಮಿಷನ್ನಿನವರು ನಡೆಸಿದ ಎರಡು ತಿಂಗಳ ತರಬೇತಿಗೆ ಹೋದಳು. ಕ್ಲಿನಿಕ್ಕಿನಲ್ಲಿ ಮುರಿದ ಮಂಚ ಒಟ್ಟಿದ್ದ ಒಂದು ಕೋಣೆ ಇತ್ತು. ಮಂಚಗಳನ್ನು ನಾವಿಬ್ಬರೇ ಹೊರಗೆ ಎಳೆದು ಹಾಕಿ ಸುಣ್ಣ ಹೊಡೆದೆವು. ಬಾಗಿಲ ಮೇಲೆ ಆರು ಅಂತ ಬರೆದೆವು. ಸಂಬಳ ಇಲ್ಲ. ಒಂದು ಟೀ ಶರ್ಟು, ಒಂದು ಸೈಕಲ್ಲು ಕೊಟ್ಟರು. ಬೆಳಗ್ಗೆ ಜಲ್ಲಿ ಒಡೆದು, ಹತ್ತು ಗಂಟೆಗೆ ಧೂಳು ಕೊಡವಿ, ಕೈ ತೊಳೆದು ಬಂದು ಕೂರುತ್ತಿದ್ದಳು.

ಕಿವುಡರು ಬರತೊಡಗಿದರು. ಕಿಟ್ವೆಯಿಂದ, ಚಿಂಗೋಲದಿಂದ, ಗಡಿಯಾಚೆಯಿಂದ ಕೂಡ. ಆರನೇ ಕೋಣೆಯಲ್ಲಿ ಮಂಡಿಗೆ ಮಂಡಿ ತಾಗಿಸಿ ಕೂರುವುದು ಅವಳ ಪದ್ಧತಿ. ಮೊದಲ ಮಾತೇ ‘ನನಗೂ ಇದೆ. ನೋಡು, ಬದುಕಿದೀನಿ.’ ಒಬ್ಬ ಕುಡುಕ ಬಂದು ‘ಮಾತ್ರೆ ಬಿಯರ್ ಜೊತೆ ನುಂಗ್ತೀನಿ, ಪರವಾಗಿಲ್ವಾ?’ ಅಂದಾಗ ‘ನುಂಗು. ಆದ್ರೆ ಮಾತ್ರೆ ಮರೆಯೋ ದಿನ ಬಿಯರನ್ನೂ ಮರೀಬೇಕು’ ಅಂದಳು. ಅವನು ನಕ್ಕು ನಕ್ಕು ಕಣ್ಣೊರೆಸಿಕೊಂಡ. ಅವನು ಈಗಲೂ ಮಾತ್ರೆ ತಪ್ಪಿಸಿಲ್ಲ.

ಆರು ವರ್ಷ ಹೀಗೇ ಹೋಯಿತು. ಆಮೇಲೆ ರಾಜಧಾನಿ ಲುಸಾಕದಿಂದ ಸುತ್ತೋಲೆ ಬಂತು. ಇನ್ನು ಮುಂದೆ ಸಮಾಲೋಚಕರ ಮಂಡಳಿಯ ಲೈಸೆನ್ಸು ಇದ್ದವರು ಮಾತ್ರ ಆಪ್ತಸಮಾಲೋಚನೆ ಮಾಡಬೇಕು. ಹನ್ನೆರಡನೇ ಕ್ಲಾಸು ಇಂಗ್ಲಿಷ್ ಸಮೇತ ಪಾಸಾಗಿರಬೇಕು. ಡಿಪ್ಲೊಮಾ ಇರಬೇಕು. ಇನ್ನೊಬ್ಬ ಲೈಸೆನ್ಸುದಾರನ ಕೈಕೆಳಗೆ ಇಷ್ಟು ಗಂಟೆ ದುಡಿದ ದಾಖಲೆ ಬೇಕು. ದೈಹಿಕ ಯೋಗ್ಯತೆಯ ಪತ್ರ ಬೇಕು. ಕೊನೆಗೆ ಪ್ರಾಯೋಗಿಕ ಪರೀಕ್ಷೆ. ಮೂರು ವರ್ಷ ಗಡುವು.

‘ಮಾಡ್ತೀನಿ’ ಅಂದಳು ಲುಂಬಿವೆ.

ಮಾಡಿದಳು. ಮಗಳ ವಯಸ್ಸಿನ ಹುಡುಗಿಯರ ನಡುವೆ ಕೂತು ಇಂಗ್ಲಿಷ್ ಪರೀಕ್ಷೆ ಬರೆದಳು. ಎರಡು ಸಲ ಫೇಲು, ಮೂರನೇ ಸಲ ಪಾಸು. ಡಿಪ್ಲೊಮಾಕ್ಕೆ ಶನಿವಾರ ಶನಿವಾರ ಎಂಡೋಲಕ್ಕೆ ಹೋದಳು. ಪಾಠ ಹೇಳುವವನು ಬೋರ್ಡಿಗೆ ಮುಖ ಮಾಡಿ ಬೆನ್ನಿನಿಂದ ಮಾತಾಡುತ್ತಿದ್ದನಂತೆ. ಇವಳು ತುಟಿ ನೋಡುವುದೆಲ್ಲಿ? ಪಕ್ಕದವಳ ನೋಟ್ಸು ಇಸಕೊಂಡು ಬರೆದುಕೊಳ್ಳುತ್ತಿದ್ದಳು. ಅದಕ್ಕೆ ಬದಲಾಗಿ ಆಕೆಯ ಮನೆಯ ಬಟ್ಟೆ ಒಗೆದು ಕೊಡಬೇಕಿತ್ತು. ಭಾನುವಾರ ನನ್ನ ಹಿತ್ತಲ ನಲ್ಲಿಯ ಹತ್ತಿರ ಯಾರೋ ಕಾಣದ ಹೆಂಗಸಿನ ಕೊಳೆ ಬಟ್ಟೆಯನ್ನು ಲುಂಬಿವೆ ಕುಕ್ಕುತ್ತಿದ್ದಳು. ಒದ್ದೆ ಕೈಯಲ್ಲೇ ನನಗೆ ಮನಶ್ಶಾಸ್ತ್ರ ಹೇಳುತ್ತಿದ್ದಳು. ಮಾತಿನ ಜೊತೆ ಸೋಪಿನ ನೊರೆ ನನ್ನ ಮುಖಕ್ಕೆ ಹಾರುತ್ತಿತ್ತು.

ಯೋಗ್ಯತಾ ಪತ್ರಕ್ಕೆ ಕಿವಿ ಪರೀಕ್ಷೆ ಮಾಡಿಸಿಕೊಂಡು ಬಾ ಅಂದರು. ಕಿವುಡಿಗೆ ಕಿವಿ ಪರೀಕ್ಷೆ! ಗಾಜಿನ ಪೆಟ್ಟಿಗೆಯೊಳಗೆ ಕೂರಿಸಿ, ಕಿವಿಗೆ ಯಂತ್ರ ಹಾಕಿ, ಕೈಗೆ ಗುಂಡಿ ಕೊಟ್ಟು, ಶಬ್ದ ಕೇಳಿದಾಗ ಒತ್ತು ಅಂದರು. ಅರ್ಧ ಗಂಟೆ ಕೂತಿದ್ದಳು. ಒಂದು ಸಲವೂ ಒತ್ತಲಿಲ್ಲ. ಹೊರಗೆ ಬಂದವಳು ‘ಸುಳ್ಳು ಒತ್ತೋಣ ಅನ್ನಿಸ್ತು. ಅವರಿಗೂ ಖುಷಿಯಾಗಲಿ ಅಂತ’ ಅಂದಳು. ನಾನು ನಕ್ಕೆ. ಅವಳು ನಗಲಿಲ್ಲ.

ಪ್ರಾಯೋಗಿಕ ಪರೀಕ್ಷೆ ಕಿಟ್ವೆಯಲ್ಲಿ. ಕೈಮಾತು ಹೇಳಲು ನಾನು ಜೊತೆಗೆ ಹೋದೆ. ಮೇಜಿನ ಹಿಂದೆ ಮೂವರು. ನಡುವಿನವನು ಡಾಕ್ಟರ್ ಹಮೂಂಗ, ಮಂಡಳಿಯ ದೊಡ್ಡ ಮನುಷ್ಯ. ಮುಂದೆ ಬಿಸ್ಕತ್ತಿನ ತಟ್ಟೆ.

‘ನೀನ್ಯಾರಮ್ಮ?’ ಅಂತ ನನ್ನನ್ನು ಕೇಳಿದ.

‘ಇವರ ಕೈಮಾತು ಹೇಳೋಳು, ಸಾರ್.’

‘ಎಲ್ಲಿ ಕೆಲಸ?’

‘ಕ್ಲಿನಿಕ್ಕಲ್ಲಿ. ಕಸ ಗುಡಿಸ್ತೀನಿ.’

ಹಮೂಂಗ ಪಕ್ಕದವರ ಕಡೆ ತಿರುಗಿದ. ‘ಕಿವಿ ಇಲ್ಲದೋಳು ಒಬ್ಬಳು, ಕಸದೋಳು ಒಬ್ಬಳು. ಎರಡೂ ಅಂಟಿಸಿದ್ರೆ ಒಂದು ಕೌನ್ಸೆಲರ್ ಆಗುತ್ತೆ ನೋಡ್ರಿ.’

ಮೂವರೂ ನಕ್ಕರು. ಒಬ್ಬನ ಬಾಯಿಂದ ಬಿಸ್ಕತ್ತಿನ ಪುಡಿ ಲುಂಬಿವೆಯ ಅರ್ಜಿಯ ಮೇಲೆ ಉದುರಿತು. ಅವನು ಅದನ್ನು ಊದಿದ.

ಲುಂಬಿವೆ ನನ್ನ ಕಡೆ ನೋಡಿದಳು. ‘ಏನಂದ್ರು?’

‘ಸೆಕೆ ಜಾಸ್ತಿ ಅಂದ್ರು.’

‘ಸೆಕೆಗೆ ಯಾರೂ ಹಾಗೆ ನಗಲ್ಲ’ ಅಂದಳು. ಮುಂದೆ ಕೇಳಲಿಲ್ಲ.

ಪರೀಕ್ಷೆ ಗೌಪ್ಯ, ಮೂರನೆಯವರು ಇರುವ ಹಾಗಿಲ್ಲ ಅಂತ ನನ್ನನ್ನು ಹೊರಗೆ ಕಳಿಸಿದರು. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಸಂದಿಯಿಂದ ನೋಡಿದೆ. ಮೇಜಿನ ಮೇಲೆ ಒಂದು ಟೇಪ್ ರೆಕಾರ್ಡರ್ ಇಟ್ಟರು. ಅದರೊಳಗೆ ಒಂದು ಹೆಂಗಸು ತನ್ನ ಕಷ್ಟ ಹೇಳಿಕೊಳ್ಳುತ್ತಾಳೆ. ಅವಳ ದನಿಯಲ್ಲಿ ಯಾವ ಭಾವ ಇದೆ, ಬರೆಯಬೇಕು. ಇದು ಪ್ರಶ್ನೆ. ಇದಕ್ಕೆ ನಲವತ್ತು ಅಂಕ. ಏಳು ನಿಮಿಷ ಆ ಟೇಪು ಓಡಿತು. ಲುಂಬಿವೆ ಅಂಗೈಯನ್ನು ಆ ಯಂತ್ರದ ಮೇಲೆ ಇಟ್ಟುಕೊಂಡು ಕೂತಿದ್ದಳು. ಆಮೇಲೆ ಬರೆದಳು, ಹಮೂಂಗ ಅದನ್ನು ಗಟ್ಟಿಯಾಗಿ ಓದಿದ: ‘ಹೆಂಗಸು ಅಳುತ್ತಿದ್ದಾಳೆ. ನಡುವೆ ಎರಡು ಸಲ ಮಾತು ನಿಲ್ಲಿಸಿದಳು. ಎರಡನೇ ಸಲ ಬಹಳ ಹೊತ್ತು.’

ನಾನು ಕೇಳಿಸಿಕೊಂಡಿದ್ದೆನಲ್ಲ. ಸರಿಯಾಗಿತ್ತು.

‘ಊಹೆ ಹೊಡೀತಾಳೆ’ ಅಂದ ಹಮೂಂಗ.

ತಿಂಗಳ ನಂತರ ಕಾಗದ ಬಂತು. ಲಿಖಿತ ಪರೀಕ್ಷೆ, ಅರವತ್ತಕ್ಕೆ ಐವತ್ತೊಂದು. ಆಲಿಸುವ ಕೌಶಲ, ನಲವತ್ತಕ್ಕೆ ಸೊನ್ನೆ. ಅನರ್ಹ. ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು: ಅಭ್ಯರ್ಥಿಯು ಅರ್ಹ ಸಮಾಲೋಚಕರ ಸಹಾಯಕಿಯಾಗಿ ಮುಂದುವರಿಯಬಹುದು.

ಆ ಅರ್ಹ ಸಮಾಲೋಚಕನ ಹೆಸರು ಎಲಿಜಾ ಕಪಾಂಬ್ವೆ. ಇಪ್ಪತ್ತಾರು ವರ್ಷ. ಕನ್ನಡಿ ಹಾಗೆ ಹೊಳೆಯುವ ಬೂಟು. ಆಲಿಸುವ ಕೌಶಲದಲ್ಲಿ ನಲವತ್ತಕ್ಕೆ ಮೂವತ್ತೇಳು ಅಂತ ಅವನೇ ಬಂದ ದಿನ ಹೇಳಿಕೊಂಡ. ಕೈಮಾತು ಎಷ್ಟು ಬರುತ್ತೆ ಸಾರ್ ಅಂದೆ. ಕೈ ಎತ್ತಿ ನಮಸ್ಕಾರ ಅಂದ. ಬಾಯಿಗೆ ಲೋಟ ಹಿಡಿದ ಹಾಗೆ ಮಾಡಿ ನೀರು ಅಂದ. ಅಷ್ಟೇ. ‘ಅದಕ್ಕೇನು, ಸಹಾಯಕಿ ಇದಾಳಲ್ಲ.’

ಆರನೇ ಕೋಣೆಯಲ್ಲಿ ಅವಳ ಕುರ್ಚಿಯಲ್ಲಿ ಅವನು ಕೂತ. ಅವಳಿಗೆ ಒಂದು ಸ್ಟೂಲು. ರೋಗಿ ಬರುವುದು, ಲುಂಬಿವೆ ಮಂಡಿಗೆ ಮಂಡಿ ತಾಗಿಸಿ ಕೂರುವುದು, ಅಳುವವರನ್ನು ತಬ್ಬುವುದು, ತಿಳಿಹೇಳುವುದು. ಅವನು ಜೇಬಿನಿಂದ ಕಡಲೆಕಾಯಿ ತೆಗೆದು ಸುಲಿಯುತ್ತ ಫೋನು ನೋಡುವುದು. ಕೊನೆಗೆ ಪುಸ್ತಕ ತೆಗೆದು ‘ಸಮಾಲೋಚನೆ ಮಾಡಿದವರು: ಇ. ಕಪಾಂಬ್ವೆ’ ಅಂತ ಬರೆದು ಸಹಿ ಹಾಕುವುದು. ಅವನು ಉದುರಿಸಿದ ಸಿಪ್ಪೆ ಗುಡಿಸುವುದು ನಾನು. ಕಿವುಡರು ಅವನಿಗೆ ಹೆಸರಿಟ್ಟರು. ಎರಡು ಬೆರಳಿನಲ್ಲಿ ಕಾಯಿ ಸುಲಿದು ಬಾಯಿಗೆ ಎಸೆದುಕೊಳ್ಳುವ ಸನ್ನೆ. ಅವನ ಎದುರಿಗೇ ಆ ಹೆಸರು ಹೇಳಿ ನಗುತ್ತಿದ್ದರು. ಅವನೂ ನಗುತ್ತಿದ್ದ, ತನ್ನನ್ನು ಕಂಡರೆ ಇವರಿಗೆ ಎಷ್ಟು ಪ್ರೀತಿ ಅಂದುಕೊಂಡು.

ವರ್ಷದ ಕೊನೆಗೆ ಅವನಿಗೆ ಫಲಕ ಕೊಟ್ಟರು. ಕಿವುಡರ ನಡುವೆ ಅಪೂರ್ವ ಸೇವೆ ಅಂತ. ಅದಕ್ಕೆ ಮೊಳೆ ಹೊಡೆಯಲು ಸುತ್ತಿಗೆ ಬೇಕಾಯಿತು. ಲುಂಬಿವೆಯ ಜಲ್ಲಿ ಸುತ್ತಿಗೆಯನ್ನೇ ಕೇಳಿದ. ಅವಳು ತಂದುಕೊಟ್ಟಳು.

ನನಗೆ ತಡೆಯಲಾಗಲಿಲ್ಲ. ‘ನಿಂಗೆ ಮಾನ ಇಲ್ವೇನೇ? ಎದ್ದು ಬಾರೇ ಆಚೆಗೆ.’

‘ನಾನು ಎದ್ದು ಬಂದ್ರೆ ಒಳಗೆ ಅವನೊಬ್ಬನೇ ಉಳೀತಾನೆ. ನನ್ನ ಜನ ಆ ಮುಖದ ಮುಂದೆ ಕೂರ್ಬೇಕಾ?’ ಅಂದಳು.

ಹೀಗೇ ಎರಡು ವರ್ಷ.

ಮಂಡಳಿಯವರು ತಪಾಸಣೆಗೆ ಬರುತ್ತಾರೆ ಅಂತಾಯಿತು. ಹಮೂಂಗನೇ ಬರುತ್ತಾನಂತೆ. ಕಪಾಂಬ್ವೆಗೆ ನಡುಕ. ಲೈಸೆನ್ಸು ಇಲ್ಲದವಳು ರೋಗಿಯ ಜೊತೆ ಮಾತಾಡುವುದು ಅವರ ಕಣ್ಣಿಗೆ ಬೀಳಬಾರದು. ಬೆಳಗ್ಗೆಯೇ ಲುಂಬಿವೆಯನ್ನು ಹೊರಗೆ ಕಳಿಸಿದ. ನೀರಿನ ಟ್ಯಾಂಕಿನ ಹತ್ತಿರ ಕೂರಬೇಕು, ಅವರು ಹೋಗುವವರೆಗೆ ಒಳಗೆ ಬರಬಾರದು. ಅವಳು ಹೋಗಿ ಕೂತಳು.

ಒಂಬತ್ತೂವರೆಗೆ ಐರೀನ್ ಬಂದಳು. ಹತ್ತೊಂಬತ್ತು ವರ್ಷದ ಕಿವುಡು ಹುಡುಗಿ. ಆರು ತಿಂಗಳ ಬಸುರಿ. ಜೊತೆಗೆ ಅತ್ತೆ. ರಕ್ತ ತೆಗೆದು ಪರೀಕ್ಷೆ ಆಗಿತ್ತು. ಕಪಾಂಬ್ವೆ ಕಾರಿಡಾರಿಗೆ ಬಂದು ನನ್ನನ್ನು ಕರೆದ.

‘ಬನಾ ಚಿಬೆಸ, ಮಾಪು ಅಲ್ಲಿಡು. ಬಾ ಇಲ್ಲಿ. ಎರಡು ಮಾತು ಹೇಳಿ ಹೋಗು.’

ಒಳಗೆ ಹೋದೆ. ಕೈಗೆ ರಬ್ಬರ್ ಗ್ಲೌಸು ಹಾಗೇ ಇತ್ತು. ಅತ್ತೆ ಕುರ್ಚಿಯಲ್ಲಿ, ಐರೀನ್ ಸ್ಟೂಲಿನ ಮೇಲೆ.

‘ಅತ್ತೆಯವರು ಹೊರಗಿರಲಿ ಅಲ್ವಾ ಸಾರ್?’ ಅಂದೆ.

‘ಮನೆಯವರು, ಇರ್ಲಿ ಬಿಡು.’ ಅವನು ಪರೀಕ್ಷೆಯ ಪಟ್ಟಿ ಎತ್ತಿಕೊಂಡ. ಐರೀನ್ ಕಡೆ ನೋಡಲೂ ಇಲ್ಲ. ಅತ್ತೆಗೆ ಹೇಳಿದ. ‘ಅಮ್ಮಾ, ನಿಮ್ಮ ಸೊಸೆಗೆ ಸೋಂಕಿದೆ. ಎರಡು ಗೆರೆ ಬಂದಿದೆ, ನೋಡಿ.’

ಅತ್ತೆ ಕುರ್ಚಿಯನ್ನು ಹಿಂದಕ್ಕೆ ಎಳೆದುಕೊಂಡಳು. ಸೊಂಟಕ್ಕೆ ಸುತ್ತಿದ ಚಿಟೆಂಗೆ ಬಟ್ಟೆಯ ಸೆರಗು ಎತ್ತಿ ಮೂಗಿಗೆ ಹಿಡಿದಳು. ‘ಥೂ! ಮೂಗಿ ಅಂತ ಕನಿಕರ ಪಟ್ಟು ಮನೆಗೆ ತುಂಬಿಸ್ಕೊಂಡ್ರೆ ಇದನ್ನ ತಂದ್ಲಾ?’

ಐರೀನ್ ಅತ್ತೆಯ ಮುಖ ನೋಡಿದಳು. ಕಪಾಂಬ್ವೆಯ ಮುಖ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು. ಒಂದು ಕೈ ಹೊಟ್ಟೆಯ ಮೇಲಿಟ್ಟು, ಇನ್ನೊಂದರಲ್ಲಿ ಕೇಳಿದಳು.

‘ನನ್ನ ಮಗು ಸತ್ತೋಯ್ತಾ?’

‘ಏನಂತೆ?’ ಅಂದ ಕಪಾಂಬ್ವೆ.

‘ಮಗು ಸತ್ತೋಯ್ತಾ ಅಂತ ಕೇಳ್ತಿದಾಳೆ.’

‘ಇಲ್ಲ ಅನ್ನು. ದಿನಾ ಮಾತ್ರೆ ನುಂಗ್ಬೇಕು ಅನ್ನು. ಮತ್ತೆ ಇಲ್ಲೊಂದು ಹೆಬ್ಬೆಟ್ಟು ಒತ್ತಲಿ.’

ಡ್ರಾಯರಿನಿಂದ ಒಂದು ಕಾಗದ, ಒಂದು ಶಾಯಿ ಪೆಟ್ಟಿಗೆ ತೆಗೆದ. ನಾನು ಏಳನೇ ಕ್ಲಾಸು ಓದಿದವಳು. ತಲೆಕೆಳಗಾಗಿದ್ದರೂ ಓದಬಲ್ಲೆ. ಹೆರಿಗೆಯ ಜೊತೆಯಲ್ಲೇ ಮುಂದೆ ಮಕ್ಕಳಾಗದ ಹಾಗೆ ಆಪರೇಷನ್ ಮಾಡಲು ಒಪ್ಪಿಗೆ. ಹೊಟ್ಟೆಯ ಚಿತ್ರ, ಎರಡು ಕಡೆ ಗಂಟು.

‘ಇದೇನಂತ ಹೇಳ್ಲಿ ಸಾರ್?’

‘ಮಗು ಚೆನ್ನಾಗಿರೋದಕ್ಕೆ ಅನ್ನು. ಅಷ್ಟು ಸಾಕು ಅವಳಿಗೆ.’

‘ಒತ್ತಿಸಿ ಒತ್ತಿಸಿ’ ಅಂದಳು ಅತ್ತೆ, ಬಟ್ಟೆಯೊಳಗಿಂದಲೇ. ‘ಇಂಥೋಳಿಗೆ ಒಂದಾಗಿದ್ದೇ ಹೆಚ್ಚು.’

‘ಸಾರ್, ಇದು ಮಕ್ಕಳಾಗದ ಹಾಗೆ ಮಾಡೋ ಕಾಗದ.’

ಕಪಾಂಬ್ವೆ ಗಡಿಯಾರ ನೋಡಿದ. ‘ನೀನು ಕೌನ್ಸೆಲರ್ರಾ? ಕಕ್ಕಸು ತೊಳೆಯೋಳು. ಹೇಳಿದಷ್ಟು ಹೇಳು. ಅವರು ಬರೋ ಹೊತ್ತಾಯ್ತು.’

ಅವನೇ ಐರೀನಳ ಹೆಬ್ಬೆರಳು ಹಿಡಿದು ಶಾಯಿಗೆ ಅದ್ದಿದ. ಹುಡುಗಿ ಬಿಡಿಸಿಕೊಳ್ಳಲಿಲ್ಲ. ನನ್ನನ್ನೇ ನೋಡುತ್ತಿದ್ದಳು. ಕೈಮಾತು ಬಲ್ಲವಳು ಒಬ್ಬಳು ಕೋಣೆಯಲ್ಲಿ ಇದ್ದಾಳೆ, ಕೆಟ್ಟದ್ದಾದರೆ ಹೇಳುತ್ತಾಳೆ ಅನ್ನುವ ಧೈರ್ಯ ಆ ಕಣ್ಣಲ್ಲಿತ್ತು. ನನಗೆ ವಾಕರಿಕೆ ಬಂತು. ಹನ್ನೊಂದು ವರ್ಷದಲ್ಲಿ ಮೊದಲ ಸಲ. ನಾನು ಅವ್ವನಿಗೆ ಹೇಳಿದ ಸುಳ್ಳು, ಕಿಟ್ವೆಯಲ್ಲಿ ಹೇಳಿದ ಸುಳ್ಳು, ಎಲ್ಲವೂ ಗಂಟಲಿಗೆ ಬಂದು ನಿಂತವು. ಈ ನಾಯಿಗಳು ಉಗುಳುತ್ತಾರೆ, ನಾನು ಒರೆಸಿ ತಿಳಿ ಮಾಡಿ ಕೊಡುತ್ತೇನೆ. ಅವರ ಬಾಯಿಯನ್ನು ಇಷ್ಟು ವರ್ಷ ತೊಳೆದವಳು ನಾನು.

ಗ್ಲೌಸು ಕಿತ್ತು ಅವನ ಪುಸ್ತಕದ ಮೇಲೆ ಎಸೆದೆ.

‘ಒತ್ತಬೇಡ’ ಅಂದೆ ಐರೀನ್‌ಗೆ. ಎಲ್ಲವನ್ನೂ ಹೇಳಿದೆ. ನಿನಗೆ ಸೋಂಕಿದೆ. ನಿನ್ನ ಅತ್ತೆಗೆ ಮೊದಲು ಹೇಳಿದರು, ತಪ್ಪು ಮಾಡಿದರು. ಮಗು ಬದುಕಿದೆ. ಮಾತ್ರೆ ತಗೊಂಡರೆ ನೀನೂ ಬದುಕುತ್ತೀಯ, ಅದೂ ಬದುಕುತ್ತೆ. ಈ ಕಾಗದ ಒತ್ತಿದರೆ ಮುಂದೆ ನಿನಗೆ ಮಕ್ಕಳಾಗಲ್ಲ. ಅತ್ತೆ ಏನಂದಳು, ಇವನು ಏನಂದ, ಒಂದೂ ಬಿಡದೆ ಹೇಳಿದೆ. ಕಕ್ಕಸು ತೊಳೆಯುವವಳು ಅಂದದ್ದನ್ನೂ ಹೇಳಿದೆ.

‘ಏನು ಇಷ್ಟುದ್ದ ಹೇಳ್ತಿದೀಯ? ನಾನು ಎರಡೇ ಮಾತು ಹೇಳಿದ್ದು!’ ಕಪಾಂಬ್ವೆ ಎದ್ದು ನಿಂತ.

‘ಹೊರಗೆ ಒಬ್ಬಳಿದಾಳೆ. ನಿನ್ನ ಹಾಗೇ. ಅವಳಿಗೂ ಇದೆ. ಕರೀಲಾ?’ ಅಂದೆ ಹುಡುಗಿಗೆ.

ಐರೀನ್ ತಲೆಯಾಡಿಸಿದಳು. ಶಾಯಿಯ ಹೆಬ್ಬೆರಳನ್ನು ಆ ಕಾಗದಕ್ಕೆ ತಾಗದ ಹಾಗೆ ಎತ್ತಿ, ತನ್ನ ಲಂಗಕ್ಕೆ ಉಜ್ಜಿ ಉಜ್ಜಿ ಒರೆಸಿದಳು.

ಟ್ಯಾಂಕಿನ ಹತ್ತಿರ ಓಡಿದೆ. ಲುಂಬಿವೆ ನನ್ನ ಮುಖ ನೋಡಿದಳು, ಕೇಳದೆಯೇ ಎದ್ದಳು. ಕಪಾಂಬ್ವೆ ಬಾಗಿಲಿಗೆ ಅಡ್ಡ ನಿಂತಿದ್ದ. ‘ಲೈಸೆನ್ಸ್ ಇಲ್ಲದೋರು ಒಳಗೆ ಬರೋ ಹಾಗಿಲ್ಲ!’ ಇಪ್ಪತ್ತು ವರ್ಷ ಸುತ್ತಿಗೆ ಎತ್ತಿದ ತೋಳು ಅವಳದು. ಅವನ ಎದೆಗೆ ಅಂಗೈ ಇಟ್ಟು ಪಕ್ಕಕ್ಕೆ ತಳ್ಳಿದಳು. ಅತ್ತೆಯ ರಟ್ಟೆ ಹಿಡಿದು ಎಬ್ಬಿಸಿ ಹೊರಗೆ ಬಿಟ್ಟಳು. ಕುರ್ಚಿ ಎಳೆದುಕೊಂಡು ಐರೀನಳ ಮಂಡಿಗೆ ಮಂಡಿ ತಾಗಿಸಿ ಕೂತಳು.

‘ನನಗೂ ಇದೆ. ನೋಡು, ಬದುಕಿದೀನಿ.’

ಹುಡುಗಿ ಆಗ ಅತ್ತಳು. ಅಳುತ್ತಲೇ ನಡೆದದ್ದನ್ನೆಲ್ಲ ಕೈಯಲ್ಲಿ ಹೇಳಿದಳು.

ಅದೇ ಹೊತ್ತಿಗೆ ಹಮೂಂಗ ಬಂದ. ಹಿಂದೆ ಇಬ್ಬರು, ಕೈಯಲ್ಲಿ ಫೈಲು. ಬಾಗಿಲಲ್ಲಿ ನಿಂತು ‘ಏನಿದು ಗಲಾಟೆ?’ ಅಂದ. ಕಪಾಂಬ್ವೆ ಬೆವರು ಒರೆಸಿಕೊಳ್ಳುತ್ತ ‘ನುಗ್ಗಿಬಿಟ್ರು ಸಾರ್ ಇಬ್ಬರೂ’ ಅಂದ.

ಲುಂಬಿವೆ ಎದ್ದಳು. ಮೇಜಿನ ಮೇಲಿನ ಕಾಗದ ತೆಗೆದು ಹಮೂಂಗನ ಮುಖಕ್ಕೆ ಹಿಡಿದಳು. ಅವಳು ಕೈಯಲ್ಲಿ ಹೇಳಿದ್ದನ್ನು ನಾನು ಬಾಯಲ್ಲಿ ಹೇಳಿದೆ. ಗಟ್ಟಿಯಾಗಿ, ಕಾರಿಡಾರಿನ ಬೆಂಚಿನವರಿಗೆಲ್ಲ ಕೇಳುವ ಹಾಗೆ.

‘ನೀವು ಲೈಸೆನ್ಸ್ ಕೊಟ್ಟವನ ಕೆಲಸ ಇದು. ಈ ಹುಡುಗಿಗೆ ಹೇಳದೆ ಇವಳ ಗರ್ಭಕ್ಕೆ ಗಂಟು ಹಾಕೋಕೆ ಹೊರಟಿದ್ದ. ಅವನಿಗೆ ಕೇಳೋದ್ರಲ್ಲಿ ಮೂವತ್ತೇಳು ಕೊಟ್ರಿ. ಇವಳು ಮಗು ಸತ್ತೋಯ್ತಾ ಅಂತ ಕೇಳಿದ್ದು ಅವನಿಗೆ ಕೇಳಿಸ್ತಾ? ಕೇಳಿ ಅವನನ್ನ.’

ಹಮೂಂಗ ಕಾಗದ ನೋಡಿದ. ಮಡಿಸಿದ. ಫೈಲಿನವನ ಕೈಗೆ ಕೊಟ್ಟ. ಆಮೇಲೆ ನನ್ನ ಯೂನಿಫಾರ್ಮು ನೋಡಿದ.

‘ರೋಗಿಯ ಗೌಪ್ಯದ ಕೋಣೆಗೆ ಕಸದೋಳನ್ನ ಬಿಟ್ಟವರು ಯಾರು?’

ಅವನು ಕೇಳಿದ್ದು ಅಷ್ಟೇ. ಸತ್ಯವಾಗಿ ಹೇಳುತ್ತೇನೆ, ಅಷ್ಟೇ.

‘ಏನಂದ? ಪೂರ್ತಿ ಹೇಳು’ ಅಂದಳು ಲುಂಬಿವೆ.

ಹೇಳಿದೆ. ಹೇಳುತ್ತ ಹೇಳುತ್ತ ಕಿಟ್ವೆಯದನ್ನೂ ಹೇಳಿಬಿಟ್ಟೆ. ಕಿವಿ ಇಲ್ಲದವಳು, ಕಸದವಳು, ಅಂಟಿಸಿದರೆ ಒಂದು ಕೌನ್ಸೆಲರ್. ಎಲ್ಲ. ಲುಂಬಿವೆ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಬಾಗಿ, ಅವನ ಬೂಟಿನ ಪಕ್ಕ, ನಾನು ಬೆಳಗ್ಗೆ ತಾನೇ ಒರೆಸಿದ್ದ ನೆಲದ ಮೇಲೆ ಉಗಿದಳು.

ನಾನು ಅದನ್ನು ಒರೆಸಲಿಲ್ಲ.

ಮಧ್ಯಾಹ್ನದೊಳಗೆ ನಮ್ಮಿಬ್ಬರನ್ನೂ ಗೇಟಿನ ಆಚೆ ಹಾಕಿದರು. ನನ್ನ ಮೇಲೆ ಗೌಪ್ಯತೆ ಮುರಿದ ಆರೋಪ. ಅವಳ ಮೇಲೆ ಹಲ್ಲೆ. ಐರೀನ್‌ಗೆ ಅತ್ತೆ ಮನೆ ಬಾಗಿಲು ತೆಗೆಯಲಿಲ್ಲ. ಬಟ್ಟೆಗಂಟು ರಸ್ತೆಯಲ್ಲಿತ್ತು. ಲುಂಬಿವೆಯ ಒಂದೇ ಕೋಣೆಯ ಮನೆಗೆ ಅವಳು ಬಂದಳು.

‘ಇವಳು ಮೊದಲನೆಯವಳಲ್ಲ. ನಾನು ಎಂಡೋಲಕ್ಕೆ ಸರ್ಟಿಫಿಕೇಟು ತರೋಕೆ ಹೋದ ದಿನ, ಜ್ವರ ಬಂದು ಮಲಗಿದ ದಿನ ಬಂದೋರು ಏನಾದ್ರು?’ ಅಂದಳು ಲುಂಬಿವೆ.

ಸೈಕಲ್ಲಿನಲ್ಲಿ ಮನೆ ಮನೆ ಸುತ್ತಿದೆವು. ನಾಲ್ಕು ಜನ ಸಿಕ್ಕರು. ನಾಲ್ವರೂ ಹೆಬ್ಬೆಟ್ಟು ಒತ್ತಿದ್ದರು. ಮಗು ಚೆನ್ನಾಗಿರಲಿ ಅಂತ. ಅದರಲ್ಲಿ ಒಬ್ಬಳು ಇನ್ನೊಂದು ಮಗು ಯಾಕೆ ಆಗುತ್ತಿಲ್ಲ ಅಂತ ನಾಟಿ ವೈದ್ಯನ ಹತ್ತಿರ ಹೋಗಿ ಬೇರು ಕುದಿಸಿ ಕುಡಿಯುತ್ತಿದ್ದಳು. ಒಲೆಯ ಮೇಲೆ ಆ ಮಡಕೆ ಇತ್ತು. ಲುಂಬಿವೆ ಅವಳ ಎದುರು ಕೂತು ನಿಜ ಹೇಳಿದಳು. ಆ ಹೆಂಗಸು ಒಲೆಯ ಕಡೆ ನೋಡಿದಳು. ಆಮೇಲೆ ಎದ್ದು ಮಡಕೆಯ ನೀರನ್ನು ಅಂಗಳಕ್ಕೆ ಚೆಲ್ಲಿದಳು. ನಾನು ಆ ಮನೆಯ ಹಿಂದೆ ಹೋಗಿ ವಾಂತಿ ಮಾಡಿಕೊಂಡೆ.

ಪೊಲೀಸರ ಹತ್ತಿರ ಹೋದೆವು. ಕಿವುಡರ ಹೇಳಿಕೆ ಬರೆದುಕೊಳ್ಳಬೇಕಾದರೆ ಸರ್ಟಿಫಿಕೇಟು ಇರುವ ದುಭಾಷಿ ಬೇಕು ಅಂದರು. ನಿನಗೆ ಇದೆಯಾ ಅಂತ ನನ್ನನ್ನು ಕೇಳಿದರು. ನನ್ನ ಅವ್ವ ಕೊಟ್ಟ ಭಾಷೆಗೆ ಯಾರ ಸೀಲು ತರಲಿ? ಲುಂಬಿವೆ ಅಲ್ಲೇ ಮೆಟ್ಟಿಲ ಮೇಲೆ ಕೂತು, ಮೂರು ಸಲ ಪರೀಕ್ಷೆ ಬರೆದು ಗೆದ್ದ ಇಂಗ್ಲಿಷಿನಲ್ಲಿ, ಐದು ಹೆಂಗಸರ ದೂರನ್ನು ತಾನೇ ಬರೆದಳು. ಪೊಲೀಸರು ಅದನ್ನು ಮುಟ್ಟದಿದ್ದಾಗ ಲುಸಾಕದ ಒಬ್ಬ ಹೆಂಗಸು ವಕೀಲರಿಗೆ ಕಳಿಸಿದಳು. ಕೇಸು ಇನ್ನೂ ನಡೆಯುತ್ತಿದೆ. ಹಮೂಂಗ ಇನ್ನೂ ಆ ಮೇಜಿನ ಹಿಂದೆಯೇ ಕೂರುತ್ತಾನೆ.

ಐರೀನ್ ಹೆಣ್ಣು ಹೆತ್ತಳು. ಮೊದಲ ರಕ್ತಪರೀಕ್ಷೆಯಲ್ಲಿ ಮಗುವಿಗೆ ಏನೂ ಇರಲಿಲ್ಲ. ಇನ್ನೂ ಎರಡು ಪರೀಕ್ಷೆ ಬಾಕಿ ಇದೆ.

ಕ್ಲಿನಿಕ್ಕಿನ ಎದುರು, ರಸ್ತೆಯ ಆಚೆ, ಒಂದು ಬಸ್ ನಿಲ್ದಾಣ. ತಗಡಿನ ಸೂರು, ಸಿಮೆಂಟು ಬೆಂಚು. ಲುಂಬಿವೆ ಅಲ್ಲಿ ಕೂರತೊಡಗಿದಳು. ಕಿವುಡರು ಕ್ಲಿನಿಕ್ಕಿನ ಕಿಟಕಿಯಲ್ಲಿ ಮಾತ್ರೆ ಇಸಕೊಳ್ಳುತ್ತಾರೆ, ಆರನೇ ಕೋಣೆಯ ಬಾಗಿಲು ದಾಟಿ ನೇರ ಹೊರಗೆ ಬರುತ್ತಾರೆ, ರಸ್ತೆ ದಾಟುತ್ತಾರೆ. ಟೊಮೆಟೊ ಮಾರುವವರು, ಬಸ್ಸಿಗೆ ಕಾಯುವವರು, ಶಾಲೆ ಹುಡುಗರು, ಎಲ್ಲರೂ ಸುತ್ತ ಇರುತ್ತಾರೆ. ಎಲ್ಲರೂ ನೋಡುತ್ತಾರೆ. ಒಬ್ಬರಿಗೂ ಒಂದು ಮಾತು ತಿಳಿಯುವುದಿಲ್ಲ. ಅಷ್ಟು ಗುಟ್ಟಾದ ಕೋಣೆ ಆ ಕ್ಲಿನಿಕ್ಕಿನಲ್ಲಿ ಯಾವತ್ತೂ ಇರಲಿಲ್ಲ. ನಾನು ಪಕ್ಕದಲ್ಲಿ ಕೂತು ಹುರಿದ ಮೆಕ್ಕೆಜೋಳ ಮಾರುತ್ತೇನೆ.

ಮೂರು ತಿಂಗಳು ಕಪಾಂಬ್ವೆಯ ಪುಸ್ತಕದಲ್ಲಿ ಒಬ್ಬ ಕಿವುಡನ ಹೆಸರೂ ಏರಲಿಲ್ಲ. ಮೇಲಿನವರು ಕೇಳಿರಬೇಕು. ಒಂದು ದಿನ ಹನ್ನೊಂದು ಗಂಟೆಗೆ ಅವನೇ ರಸ್ತೆ ದಾಟಿ ಬಂದ. ಬೂಟಿಗೆ ಧೂಳು ಹತ್ತಿತ್ತು.

‘ಬನಾ ಚಿಬೆಸ, ಚೆನ್ನಾಗಿದೀರಾ? ಇವಳಿಗೆ ಸ್ವಲ್ಪ ಹೇಳಿ. ಒಳಗೆ ಬಂದು ಕೂರ್ಲಿ, ಮುಂಚಿನ ಹಾಗೇ. ನಾನೇನೂ ಮನಸ್ಸಲ್ಲಿ ಇಟ್ಕೊಂಡಿಲ್ಲ.’

ನಾನು ಜೋಳ ತಿರುವುತ್ತಿದ್ದೆ.

ಅವನ ದನಿ ಬದಲಾಯಿತು. ಜೇಬಿನಿಂದ ಕಾಗದ ತೆಗೆದ. ‘ಹಾಗಾದ್ರೆ ಇದನ್ನ ಹೇಳು. ಮಂಡಳಿ ನೋಟಿಸು. ಲೈಸೆನ್ಸ್ ಇಲ್ಲದೆ ಸಮಾಲೋಚನೆ ಮಾಡಿದ್ರೆ ಜೈಲು. ಹೇಳು ಅವಳಿಗೆ.’

‘ನೀವೇ ಹೇಳಿ ಸಾರ್. ಅಲ್ಲೇ ಕೂತಿದಾಳಲ್ಲ.’

‘ಏಯ್, ಹೇಳೇ!’

‘ನಿಮಗೆ ಮೂವತ್ತೇಳು ಬಂದಿತ್ತಲ್ಲ ಸಾರ್. ನನಗೆ ಏನೂ ಬಂದಿಲ್ಲ.’

ಅವನು ಲುಂಬಿವೆಯ ಮುಂದೆ ಹೋಗಿ ನಿಂತ. ಅವಳ ಎದುರು ಚಿಂಗೋಲದ ಒಬ್ಬ ಮುದುಕ ಕೂತಿದ್ದ, ಹೆಂಡತಿ ಸತ್ತು ಹದಿನೈದು ದಿನವಾಗಿತ್ತು. ಕಪಾಂಬ್ವೆ ನೋಟಿಸು ಓದಿದ. ಗಟ್ಟಿಯಾಗಿ ಓದಿದ. ಇನ್ನೂ ಗಟ್ಟಿಯಾಗಿ ಕೂಗಿದ. ಕೊರಳ ನರ ಉಬ್ಬಿತು. ಟೊಮೆಟೊದವಳು ಬಾಯಿಗೆ ಬಟ್ಟೆ ಇಟ್ಟುಕೊಂಡು ನಕ್ಕಳು. ಲುಂಬಿವೆ ತಲೆ ಎತ್ತಲಿಲ್ಲ. ಮುದುಕನ ಕಣ್ಣು ಅವಳ ಕೈಯ ಮೇಲಿತ್ತು. ನೋಟಿಸಿನ ನೆರಳು ಅವರ ನಡುವೆ ಬಿದ್ದಿತ್ತು.

ಅವಳು ಎಡಗೈ ಎತ್ತಿ, ಮಡಚದ ಆ ಬೆರಳಿನಲ್ಲಿ ನನಗೆ ಒಂದು ಮಾತು ಹೇಳಿದಳು.

‘ಏನಂದ್ಲು? ಏನಂದ್ಲು ಹೇಳು!’ ಅಂದ ಕಪಾಂಬ್ವೆ.

‘ಪಕ್ಕಕ್ಕೆ ಸರೀಬೇಕಂತೆ ಸಾರ್’ ಅಂದೆ. ‘ಬೆಳಕಿಗೆ ಅಡ್ಡ ನಿಂತಿದೀರಂತೆ. ಆ ಅಜ್ಜ ಏನೋ ಹೇಳ್ತಿದಾರೆ, ಕಾಣಿಸ್ತಿಲ್ಲವಂತೆ.’

ಅವನು ಸರಿದ.